ಅಮ್ಮನನ್ನು ಬಿಡಲು ಒಂದು ಹೊಳೆ

ರುವಾಂಡಾಕ್ಕೆ ಬಂದಿಳಿದ ದಿನವೇ ಅಮ್ಮ ಕಾರಿನೊಳಗೆ ಕೂಗಿಕೊಂಡಳು. "ಯಾವ್ದೋ ಕೆರೆ ಕಟ್ಟೆ ಒಡ್ದೋಗೈತೆ ಕಣೇ! ಗಾಡಿ ತಿರುಗ್ಸಕ್ಕೆ ಹೇಳು!" ಸೇತುವೆಯ ಕೆಳಗೆ ನ್ಯಾಬರೊಂಗೊ ನದಿ ಕೆಂಪಗೆ, ತನ್ನ ಪಾಡಿಗೆ ತಾನು ಹೋಗುತ್ತಿತ್ತು. ದಿನವೂ ಹೀಗೇ ಹರಿಯುತ್ತದೆ ಎಂದರೆ ಅವಳು ನಂಬಲಿಲ್ಲ. "ಬೇಸ್ಗೇಲೂನಾ?" ಎಂದಳು. ಊರಲ್ಲಿರುವ ನೀವು ನಗಬೇಡಿ. ತೊಂಡೇಬಾವಿ ಕಡೆಯವರಾದ ನಮಗೆ ಹೊಳೆ ಎಂದರೆ ಮರಳು. ನೀರು ಬೇಕಾದರೆ ಅದರಲ್ಲಿ ಒರತೆ ತೋಡಬೇಕಿತ್ತು.

ಶಿಡ್ಲಘಟ್ಟದಲ್ಲಿ ಕಲಿತ ರೇಷ್ಮೆ ಹುಳು ಸಾಕಣೆಯನ್ನು ಇಲ್ಲಿನ ಹೆಂಗಸರಿಗೆ ಹೇಳಿಕೊಡಲು ನಾನು ಬಂದವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮನನ್ನೂ ಕರೆಸಿಕೊಂಡೆ. ಇಲ್ಲಿ ಎಲ್ಲರ ಮನೆಯೂ ಗುಡ್ಡದ ಮೇಲೆ. ತಗ್ಗೆಲ್ಲ ನೀರಿಗೆ ಬಿಟ್ಟದ್ದು. ಮರಗೆಣಸಿನ ಹಿಟ್ಟಿನಿಂದ ಮಾಡುವ 'ಉಬುಗಾರಿ' ನೋಡಲು ನಮ್ಮ ಮುದ್ದೆಯಂತೆಯೇ ಇದೆ. ಅಮ್ಮ ಒಂದು ತುತ್ತು ನುಂಗಿ, "ಅಂಟು, ಅಂಟು" ಎಂದು ತಟ್ಟೆ ತಳ್ಳಿದಳು.

ನನ್ನ ಜೊತೆ ಕೆಲಸ ಮಾಡುವ ಇಮಾಕ್ಯುಲೇ ಒಮ್ಮೆ ದೂರದ ಬೆಟ್ಟಸಾಲು ತೋರಿಸಿ ಹೇಳಿದಳು: "ಅದರ ಆ ಮಗ್ಗುಲಿಗೆ ಬಿದ್ದ ಮಳೆ ಕಾಂಗೊ ನದಿಗೆ, ಈ ಮಗ್ಗುಲಿನದು ನೈಲ್‌ಗೆ." ಸ್ವಂತಕ್ಕೊಂದು ಕಡಲಿಲ್ಲದ ದೇಶ ಎರಡು ಕಡಲಿಗೆ ನೀರು ಕಳಿಸುತ್ತದೆ! ನನಗೆ ಹೊಟ್ಟೆ ಉರಿಯಿತು. ನಂದಿಬೆಟ್ಟದ ಸುತ್ತ ಹುಟ್ಟುವ, ನಮ್ಮೂರ ಪಿನಾಕಿನಿಯಂಥ ನದಿಗಳ ಹೆಸರನ್ನು ನಾವೂ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೆವು. ನೀಲಗಿರಿ ತೋಪು ಬೆಳೆಸಿ, ಮರಳು ಬಗೆದು ಲಾರಿಗೆ ತುಂಬಿ, ಕೊನೆಗೆ ಉಳಿದದ್ದು ಹೆಸರು ಮಾತ್ರ. ಈಗಲೂ ವೇದಿಕೆ ಹತ್ತಿ 'ನದಿಗಳ ತವರು' ಎಂದು ಭಾಷಣ ಮಾಡುತ್ತಾರೆ. ನಾಚಿಕೆಯೂ ಆಗುವುದಿಲ್ಲ.

ಹೋದ ಮಳೆಗಾಲದಲ್ಲಿ ಅಮ್ಮ ಇಲ್ಲೇ ತೀರಿಕೊಂಡಳು. ಹೋಗುವ ಮುಂಚೆ ಕೇಳಿದ್ದು ಒಂದೇ: "ನನ್ನ ಪಿನಾಕಿನೀಗೇ ಬಿಡಮ್ಮ. ಬೇರೆ ಹೊಳೆ ನಂಗೊತ್ತಿಲ್ಲ."

ದಹನ ಮುಗಿದ ಮೇಲೆ ಊರಿನಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. "ಹೊಳೇಲಿ ನೀರೆಲ್ಲೈತಕ್ಕಾ? ಕೆರೇಲೈತೆ, ಅದು ಬೆಂಗ್ಳೂರೋರ ಕೊಚ್ಚೆ ಸೋಸಿ ಬಿಟ್ಟಿರೋದು. ಅಮ್ಮನ್ನ ಅದ್ರಾಗೆ ಬಿಡಕ್ಕಾಯ್ತದಾ? ಶ್ರೀರಂಗಪಟ್ಣಕ್ಕೆ ಹೋಗಣ" ಎಂದ. ಅಮ್ಮ ಕಾವೇರಿಯನ್ನು ಕಂಡವಳೇ ಅಲ್ಲ. ಇಮಾಕ್ಯುಲೇ, "ನಮ್ಮ ನದಿ ಕಣ್ಣೆದುರಿಗೇ ಇದೆಯಲ್ಲ, ಸಮುದ್ರ ಮುಟ್ಟಿಸುತ್ತದೆ" ಎಂದಳು. ಅವಳು ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಆದರೂ ನನಗೆ ಮೈಯೆಲ್ಲ ಉರಿದುಹೋಯಿತು.

ಅಸ್ಥಿಯನ್ನು ಊರಿಗೇ ಒಯ್ದೆ. ಹೊಳೆಯ ಪಾತ್ರದಲ್ಲಿ, ಮರಳು ಲಾರಿಯವರು ತೋಡಿದ ಹಳ್ಳಗಳ ನಡುವೆ, ತಮ್ಮನೇ ಗುಂಡಿ ತೆಗೆದ. ಮೊಣಕಾಲುದ್ದ ತೋಡಿದರೂ ಪಸೆ ಕಾಣಲಿಲ್ಲ. ತೋಟದ ಬೋರ್‌ವೆಲ್ಲಿನಿಂದ ತಂದಿದ್ದ ನೀರನ್ನು ಬಿಂದಿಗೆಯಿಂದ ಗುಂಡಿಗೆ ಸುರಿದು, ಅದರಲ್ಲಿ ಅಮ್ಮನನ್ನು ಬಿಟ್ಟ. ಕೈಮುಗಿದು ಕಣ್ಣು ತೆರೆಯುವಷ್ಟರಲ್ಲಿ ನೀರು ಇಂಗಿಹೋಗಿತ್ತು. ಬೂದಿ ಅಲ್ಲೇ ಉಳಿಯಿತು. ನಾವು ಮಣ್ಣು ಮುಚ್ಚಿದೆವು.

ತಿರುಗಿ ಬಂದಾಗ ಇಮಾಕ್ಯುಲೇ ಕೇಳಿದಳು, "ಅಮ್ಮ ಸಮುದ್ರ ಸೇರಿದರಾ?"

"ಇಲ್ಲ. ಬಿಟ್ಟಲ್ಲೇ ಇದ್ದಾಳೆ" ಎಂದೆ.

ಅವಳ ಮುಖ ಅರಳಿತು. ಇವರು ಸತ್ತವರನ್ನು ಮನೆಯ ಹತ್ತಿರವೇ ಹೂಳುವ ಜನ. "ಒಳ್ಳೆಯದೇ ಆಯಿತು. ನೋಡಬೇಕೆನಿಸಿದಾಗ ಹೋಗಬಹುದು" ಎಂದಳು. ನಾನೋ, ಅಸ್ಥಿ ಹರಿದುಹೋಗದಿದ್ದರೆ ಜೀವಕ್ಕೆ ಬಿಡುಗಡೆಯಿಲ್ಲ ಎಂದು ನಂಬಿ ಬೆಳೆದವಳು.

ಈಗ ಊರಿಗೆ ಫೋನ್ ಮಾಡಿದರೆ ಮೊದಲು ಮಳೆಯ ಸುದ್ದಿ ಕೇಳುತ್ತೇನೆ. "ಮೋಡ ಆಗೈತಕ್ಕಾ" ಎನ್ನುತ್ತಾನೆ ತಮ್ಮ. ಹೊಳೆ ಬಂದರೆ ಅಮ್ಮ ಹೋಗಿಬಿಡುತ್ತಾಳೆ, ಆಮೇಲೆ ಆ ಊರಿನಲ್ಲಿ ತಮ್ಮನನ್ನು ಬಿಟ್ಟರೆ ನನಗೆ ಯಾರಿದ್ದಾರೆ? ಮಳೆ ಬರಲಿ ಎನ್ನಲು ಬಾಯಿ ಬರುವುದಿಲ್ಲ. ಬರಬೇಡ ಎನ್ನುವುದಾದರೂ ಹೇಗೆ? ಆ ನೀರಿಲ್ಲದ ಸೀಮೆಯಲ್ಲಿ ಹುಟ್ಟಿದವಳು ನಾನು.