ಹೊಟ್ಟೆ ಹಸಿರಾದ ಹುಳಗಳು

ಮನೆಯವರೆಲ್ಲ ಅವಳನ್ನು ಪಟಾಕಿ ಎಂದೇ ಕರೆಯುತ್ತಿದ್ದರು. ಚಿಕ್ಕಂದಿನಿಂದಲೂ ಮೂಗಿನ ತುದಿಯಲ್ಲೇ ಕೋಪ. ಅವಳು ಸೂಕ್ಷ್ಮಜೀವಿಗಳ ಬಗ್ಗೆ ಓದಿ ಭಾವನ ಪಾಚಿ ತೋಟಕ್ಕೆ ಕೆಲಸಕ್ಕೆ ಸೇರಿದಾಗ, ಅವಳ ಕೆಲಸದಲ್ಲಿ ತಲೆ ಹಾಕಬೇಡಿ ಎಂದು ಅಕ್ಕ ತನ್ನ ಗಂಡನಿಗೆ ಮೊದಲೇ ಹೇಳಿಟ್ಟಿದ್ದಳು.

ತೋಟವೆಂದರೆ ಗಿಡಮರವಲ್ಲ. ಮೊಣಕಾಲೂ ಮುಳುಗದ ಉದ್ದುದ್ದ ಕೊಳಗಳ ಸಾಲು, ನೀರು ಕಲಕುತ್ತ ತಿರುಗುವ ಚಕ್ರಗಳು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬೆಳೆದು ನೀರು ದಟ್ಟ ಹಸಿರಾದಾಗ ಸೋಸಿ, ಒಣಗಿಸಿ, ಮೀನಿನ ಮೇವು ಮಾಡುವವರಿಗೆ ಕೊಡುತ್ತಿದ್ದರು. ಪ್ರತಿ ಕೊಳದ ಹನಿಯನ್ನೂ ಮೈಕ್ರೋಸ್ಕೋಪಿನಲ್ಲಿ ನೋಡುವುದು ಪಟಾಕಿಯ ಕೆಲಸ. ದನಕ್ಕೆ ಹುಲ್ಲು ಹೇಗೋ ಕೆಲವು ನೀರುಹುಳಗಳಿಗೆ ಪಾಚಿ ಹಾಗೆ. ಒಮ್ಮೆ ಹೊಕ್ಕರೆ ಮರಿ ಹಾಕುತ್ತ ಇಡೀ ಕೊಳವನ್ನೇ ಮೇಯ್ದುಬಿಡುತ್ತವೆ.

ಒಂದು ಬೆಳಿಗ್ಗೆ ತುದಿಯ ಕೊಳದ ಹನಿಯಲ್ಲಿ ಅವು ಕಂಡವು. ಅವಳು ಓಡಿಹೋಗಿ ಭಾವನಿಗೆ ಹೇಳಿದಳು: ಆ ಕೊಳದ ನೀರು, ಬಲೆ, ಬ್ರಷ್ಷು ಯಾವುದೂ ಬೇರೆ ಕೊಳ ಮುಟ್ಟಕೂಡದು. ಅಮೋನಿಯಾ ಹಾಕಿ ನೋಡೋಣ, ಹುಳ ಸಾಯದಿದ್ದರೆ ನೀರನ್ನೆಲ್ಲ ಚೆಲ್ಲಿಬಿಡೋಣ. ಭಾವ ಹೂಂಗುಟ್ಟಿದ. ಅಮೋನಿಯಾ ಹಾಕಿಸಿ, ವಾಲ್ವು ಮುಚ್ಚಿಸಿ, ಅತ್ತೆಯ ಕಣ್ಣಿನ ಆಪರೇಷನ್ನಿಗೆಂದು ಅವಳು ರಜೆಯ ಮೇಲೆ ಹೋದಳು.

ಅಷ್ಟರಲ್ಲಿ ಹೊಸ ಗಿರಾಕಿಗಳು ತೋಟ ನೋಡಲು ಬರುತ್ತೇವೆಂದರು. ಬಿಸಿಲಿಗೆ ಕೊಳಗಳ ನೀರು ಇಳಿದಿತ್ತು. ಎಲ್ಲವೂ ತುಂಬಿ ತುಳುಕುವಂತೆ ಕಾಣಬೇಕೆಂಬ ಆಸೆಗೆ ಭಾವ ತುದಿಯ ಕೊಳದ ನೀರನ್ನೇ ಉಳಿದವಕ್ಕೆ ಹರಿಸಲು ಹೇಳಿದ. ಮೇಡಂ ಬೇಡವೆಂದಿದ್ದಾರೆ ಎಂದು ಪಂಪು ನಡೆಸುವ ಹಿರಿಯರೊಬ್ಬರು ತಡೆದರೂ ಕೇಳಲಿಲ್ಲ.

ಪಟಾಕಿ ಮರಳಿದಾಗ ಯಾವ ಕೊಳದಲ್ಲೂ ಹಸಿರಿರಲಿಲ್ಲ. ಚಹಾ ಬಣ್ಣದ ನೀರು, ಅಂಚಿನಲ್ಲಿ ನೊರೆ, ಮೂಗು ಮುಚ್ಚಿಸುವ ನಾತ. ಗಿರಾಕಿಗಳು ಗೇಟಿನಿಂದಲೇ ವಾಪಸಾಗಿದ್ದರು. ಪಂಪಿನವರು ತಪ್ಪು ವಾಲ್ವು ತಿರುಗಿಸಿದರೆಂದು ಭಾವ ಅವರನ್ನು ಕೆಲಸದಿಂದ ತೆಗೆದಿದ್ದ. ನಡೆದದ್ದನ್ನೆಲ್ಲ ಕೊಳ ತೊಳೆಯುವ ಹೆಂಗಸರು ಅವಳಿಗೆ ತಿಳಿಸಿದರು.

ಅವಳ ಪಿತ್ತ ನೆತ್ತಿಗೇರಿತು. ಮೈಕ್ರೋಸ್ಕೋಪನ್ನೇ ಎತ್ತಿಕೊಂಡು ಹೋಗಿ ಭಾವನ ಮೇಜಿನ ಮೇಲೆ ಇಟ್ಟಳು.

"ನೋಡಿ ಭಾವ. ಹುಳದ ಹೊಟ್ಟೆ ಹಸಿರಾಗಿದೆಯಲ್ಲ, ಅದೇ ನಮ್ಮ ಬೆಳೆ. ಬಡಿಸಿದವರು ನೀವು."

ಅವನು ನೋಡಲಿಲ್ಲ. ಪಂಪಿನವನಿಗೆ ಬುದ್ಧಿ ಇರಬೇಕಿತ್ತು ಎಂದು ಗೊಣಗಿದ.

"ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀರಾ? ಅವರು ಬೇಡ ಅಂದಿದ್ರು. ತಿರುಗಿಸು ಅಂದೋರು ನೀವು. ಅವರು ವಾಪಸ್ ಬರೋವರೆಗೂ ಒಂದು ತೊಟ್ಟು ಬೀಜ ಸಿಗಲ್ಲ ನಿಮಗೆ."

ಬೀಜವೆಂದರೆ ಅವಳ ಕೋಣೆಯ ಗಾಜಿನ ಹೂಜಿಗಳಲ್ಲಿದ್ದ ಶುದ್ಧ ಪಾಚಿ. ಅದಿಲ್ಲದೆ ಒಂದು ಕೊಳವನ್ನೂ ಮತ್ತೆ ಹಸಿರು ಮಾಡುವಂತಿರಲಿಲ್ಲ. ಅವಳು ಕೋಣೆಗೆ ಬೀಗ ಜಡಿದು ಮನೆಗೆ ಹೋದಳು.

ಸಂಜೆ ಅಕ್ಕ ಬಂದಳು. ಹೊರಗಿನವರಿಗಾಗಿ ಮನೆಯವರ ಮಾನ ಕಳೆಯಬೇಡವೆಂದು ಕೇಳಿಕೊಂಡಳು.

"ಮನೆಯವರು ಅಂತಾನೇ ಕಣೇ ಇಷ್ಟಕ್ಕೇ ಬಿಟ್ಟೆ," ಎಂದಳು ಪಟಾಕಿ. "ಬೇರೆಯವರಾಗಿದ್ರೆ ಆ ನೀರೇ ಕುಡಿಸ್ತಿದ್ದೆ."

ಅಕ್ಕನಿಗೆ ನಗು ಬಂತು, ಆಮೇಲೆ ಅಳುವೂ ಬಂತು. ಗಂಡನ ಸುಳ್ಳು ಅವಳಿಗೂ ಗೊತ್ತಿತ್ತು.

ಕೊನೆಗೆ ಭಾವನೇ ಪಂಪಿನವರ ಮನೆಗೆ ಹೋಗಬೇಕಾಯಿತು. ಅವರು ಒಂದೇ ಮಾತು ಕೇಳಿದರು: ತಪ್ಪು ಯಾರದೆಂದು ಎಲ್ಲರೆದುರು ಹೇಳಬೇಕು. ಭಾವ ಕೆಲಸಗಾರರನ್ನು ಸೇರಿಸಿ, ನೆಲ ನೋಡುತ್ತ, ತನ್ನದೇ ಎಂದು ಹೇಳಿದ. ಪಂಪಿನವರು ತಲೆಯಾಡಿಸಿ ಮೋಟರಿನ ಕಡೆ ನಡೆದರು.

ಕೊಳಗಳನ್ನು ಬರಿದು ಮಾಡಿ, ಬ್ಲೀಚಿಂಗ್ ಪೌಡರಿನಲ್ಲಿ ಉಜ್ಜಿ, ಬಿಸಿಲಿಗೆ ಒಣಗಲು ಬಿಟ್ಟರು. ಪಟಾಕಿ ಮೊದಲ ಹೂಜಿಯನ್ನು ಸಣ್ಣ ತೊಟ್ಟಿಗೆ ಸುರಿದ ದಿನ ಭಾವ ಪಕ್ಕದಲ್ಲಿ ಬಂದು ನಿಂತು, ಇನ್ನಾದರೂ ಸಿಟ್ಟು ಬಿಡು ಎಂದ.

"ಪಾಚಿ ಮತ್ತೆ ಬರುತ್ತೆ ಭಾವ," ಎಂದಳು, ಅವನ ಕಡೆ ತಿರುಗದೆ. "ಸಿಟ್ಟು ಇನ್ನೂ ಇದೆ. ಆಚೆ ಹೋಗಿ, ಪಾಚಿ ಮೇಲೆ ನೆರಳು ಬೀಳ್ತಿದೆ."