ನಿಂತೇ ಇರುವ ಗಾಡಿಗೆ ಹೊಸ ಫಿಲ್ಟರ್

ಆ ಬೀದಿಯಲ್ಲಿ ಅವಳಿಗೆ ಟಾರ್ಚಮ್ಮ ಎಂದು ಹೆಸರು ಬಿದ್ದಿತ್ತು. ಮದುವೆಯಾಗಿ ಬಂದ ಹೊಸದರಲ್ಲೇ ಮಾವ ಅವಳ ಕೈಗೆ ಟಾರ್ಚು ಕೊಟ್ಟು, ಕಾರಿನ ಬಾನೆಟ್ಟಿನೊಳಗೆ ಬೆಳಕು ಹಿಡಿಯಲು ಹೇಳಿದ್ದರು. ಎದುರು ಮನೆಯ ಟೈಲರ್ ಅದನ್ನು ಕಿಟಕಿಯಿಂದ ನೋಡಿದ್ದ. ಹೆಸರು ಅವನ ದಾನ.

ಮಾವ ನೀರಿನ ಪಂಪ್‌ಹೌಸಿನಲ್ಲಿ ದುಡಿದು ನಿವೃತ್ತರಾದವರು. ಮೋಟಾರಿನ ಸದ್ದು ಕೇಳಿಯೇ ಅದರ ಹೊಟ್ಟೆನೋವು ಹೇಳುವವರು. ಕೆಲಸ ಬಿಟ್ಟ ಮೇಲೆ ಕೈ ಸುಮ್ಮನಿರದೆ ಹಳೆಯ ಕಾರೊಂದನ್ನು ಕೊಂಡು ತಂದರು. ಅದು ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಬಂದು ನಿಂತದ್ದು ನಿಂತೇ ಇತ್ತು. ಭಾನುವಾರ ಬೆಳಿಗ್ಗೆ ಗೇಟಿನವರೆಗೆ ಬಂದು, ಬೀದಿಯ ಗಾಳಿ ಮೂಸಿ, ಹಾಗೇ ಹಿಂದಕ್ಕೆ ಸರಿದು ಶೆಡ್ಡು ಸೇರುತ್ತಿತ್ತು. ಆದರೆ ವರ್ಷಕ್ಕೊಮ್ಮೆ ಅದಕ್ಕೆ ಹೊಸ ಆಯಿಲ್, ಹೊಸ ಫಿಲ್ಟರ್ ಆಗಲೇಬೇಕು.

"ಓಡದಿದ್ರೂ ಆಯಿಲ್‌ಗೆ ವಯಸ್ಸಾಗುತ್ತೆ ಕಣೇ," ಎನ್ನುತ್ತಿದ್ದರು ಮಾವ.

"ನನಗೂ ಆಗಿದೆ. ನನ್ನನ್ನ ಯಾವತ್ತಾದ್ರೂ ಬಗ್ಗಿ ನೋಡಿದ್ರಾ?" ಎಂದು ಅತ್ತೆ ಒಳಗಿನಿಂದಲೇ ಕೇಳುತ್ತಿದ್ದರು. ಆ ಕಾರಿಗೆ ಅವರು ಇಟ್ಟಿದ್ದ ಹೆಸರು ಸವತಿ.

ಸೊಸೆ ರಸಾಯನಶಾಸ್ತ್ರ ಓದಿದವಳು. ಡ್ರೈವಿಂಗ್ ಕಲಿತು ಲೈಸೆನ್ಸನ್ನೂ ತೆಗೆದುಕೊಂಡಿದ್ದಳು. ಡಿಗ್ರಿ, ಲೈಸೆನ್ಸು ಎರಡೂ ಬೀರುವಿನೊಳಗೆ ಸೀರೆಗಳ ಕೆಳಗೆ ತಣ್ಣಗೆ ಮಲಗಿದ್ದವು. ಈಗ ಊರಾಚೆಯ ಬಣ್ಣದ ಕಾರ್ಖಾನೆಯ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ ಸಿಕ್ಕಿತ್ತು. ಸೋಮವಾರ ಬೆಳಿಗ್ಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಇನ್ನೊಬ್ಬರನ್ನು ಕರೆಯುತ್ತಾರೆ. ಅತ್ತ ಬಸ್ಸಿಲ್ಲ. ಗಂಡನಿಗೆ ಮುದ್ರಣಾಲಯದಲ್ಲಿ ರಾತ್ರಿ ಪಾಳಿ. ಅವನ ಸ್ಕೂಟರು ಮನೆ ಸೇರುವ ಹೊತ್ತಿಗೆ ಅಲ್ಲಿ ಕಾರ್ಖಾನೆಯ ಗೇಟು ಮುಚ್ಚಿರುತ್ತದೆ. ಉಳಿದದ್ದು ಕಾರು. ಕೀ ಮಾವನ ಅಂಗಿಯ ಜೇಬಿನಲ್ಲಿ.

"ಅಪ್ಪನ್ನ ಕೇಳು," ಎಂದ ಗಂಡ. ಅವನ ಬಾಯಲ್ಲಿ ಆ ಮನೆಯ ಎಲ್ಲ ಪ್ರಶ್ನೆಗಳಿಗೂ ಇದ್ದ ಉತ್ತರ ಅದೊಂದೇ.

ಕೇಳಿದಳು. ಮಾವ ಬೇಡವೆನ್ನಲಿಲ್ಲ. ಅವರು ಯಾವತ್ತೂ ಬೇಡ ಎಂದವರಲ್ಲ; ಕಾರು ಕೇಳಿದಾಗೆಲ್ಲ 'ನೋಡೋಣ' ಎನ್ನುವವರು. "ಗಾಡಿ ಆಯಿಲ್ ಸೋರುತ್ತಿದೆ ಅಲ್ವೇನಮ್ಮ? ದಾರಿ ಮಧ್ಯೆ ಇಂಜಿನ್ ಜಾಮ್ ಆದ್ರೆ ಹೆಣ್ಣುಮಗಳು ಏನ್ಮಾಡ್ತೀಯ?"

ಸೋರುತ್ತಿದ್ದದ್ದು ನಿಜ. ಒಂದು ವರ್ಷದಿಂದ ಕಾರಿನ ಕೆಳಗೆ ಹಾಸಿದ ರಟ್ಟಿನ ಮೇಲೆ ಕಪ್ಪು ತೊಟ್ಟುಗಳು ಬೀಳುತ್ತಿದ್ದವು. ಮೆಕ್ಯಾನಿಕ್ಕಿಗೆ ತೋರಿಸೋಣವೆಂದರೆ ಮಾವನಿಗೆ ಅವಮಾನ. ಪರರ ಕೈ ತನ್ನ ಇಂಜಿನ್ನಿಗೆ ತಾಗಬಾರದು.

"ಸೋರದೆ ಇದ್ರೆ?" ಎಂದಳು ಅವಳು.

"ಭಾನುವಾರ ಆಯಿಲ್ ಬದಲಾಯಿಸೋಣ. ಸಂಜೆವರೆಗೆ ಒಂದು ತೊಟ್ಟು ಬೀಳದಿದ್ರೆ ಕೀ ನಿನ್ನ ಕೈಗೆ."

"ನಾನು ಕೇಳಿಸ್ಕೊಂಡೆ," ಎಂದರು ಅತ್ತೆ.

ಶನಿವಾರ ಮಾವ, ಸೊಸೆ ಇಬ್ಬರೂ ಬಿಡಿಭಾಗಗಳ ಅಂಗಡಿಗೆ ಹೋದರು. ಅಂಗಡಿಯವನು ಮೂರು ನಮೂನೆಯ ಫಿಲ್ಟರ್ ಡಬ್ಬಿಗಳನ್ನು ಸಾಲಾಗಿಟ್ಟ. ಮಾವ ಒಂದೊಂದನ್ನೇ ತಿರುವಿ ಬಾಯಂಚಿನ ರಬ್ಬರ್ ಉಂಗುರದ ಮೇಲೆ ಉಗುರೆಳೆದರು. ಒಂದು ಹಗುರವಾಯಿತು. ಇನ್ನೊಂದರ ತಿರುಪಿನ ಸುತ್ತು ಸರಿಯಿಲ್ಲ. ಮೂರನೆಯದರ ತೂತಿನೊಳಗೆ ಕಿರುಬೆರಳು ತೂರಿಸಿ ಅವಳಿಗೂ ತೋರಿಸಿದರು. "ಇಲ್ಲಿ ಮುಟ್ಟು. ಒಳಗೊಂದು ಮೆತ್ತನೆ ತಡೆ ಇದೆಯಲ್ಲ, ಅದು ಮುಖ್ಯ. ಗಾಡಿ ನಿಂತಾಗ ಒಳಗಿನ ಆಯಿಲ್ ಆಚೆ ಇಳಿಯದ ಹಾಗೆ ಹಿಡ್ಕೊಳ್ಳುತ್ತೆ."

ಮುಟ್ಟಿದಳು. ಬೆರಳು ಒತ್ತಿದರೆ ದಾರಿ ಬಿಡುತ್ತಿತ್ತು. ತೆಗೆದ ಕೂಡಲೇ ಮುಚ್ಚಿಕೊಳ್ಳುತ್ತಿತ್ತು.

"ನಿಮಗೆ ಹೇಳಿ ಮಾಡಿಸಿದ್ದು ಬಿಡಿ. ನಿಮ್ಮ ಗಾಡಿ ನಿಂತೇ ಇರುತ್ತಲ್ಲ!" ಎಂದ ಅಂಗಡಿಯವನು. ಮಾವ ನಗಲಿಲ್ಲ. ಅವಳಿಗೂ ನಗು ಬರಲಿಲ್ಲ.

ಭಾನುವಾರ ಕಾರಿನ ಮುಂದಿನ ಗಾಲಿಗಳನ್ನು ದಪ್ಪ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಹೋದ ವರ್ಷದವರೆಗೆ ಕೆಳಗೆ ನುಸುಳುತ್ತಿದ್ದವರು ಮಾವನೇ. ಆ ಸಲ ಅವಳು ಅಮ್ಮನಿಗೆ ಹುಷಾರಿಲ್ಲವೆಂದು ತವರಿಗೆ ಹೋಗಿದ್ದಳು. ಮಾವನ ಸೊಂಟ ಕಾರಿನಡಿಯಲ್ಲೇ ಹಿಡಿದುಕೊಂಡು, ಗಂಡ ಮತ್ತು ಟೈಲರ್ ಸೇರಿ ಕಾಲು ಹಿಡಿದು ಎಳೆದು ತೆಗೆದಿದ್ದರಂತೆ. ಟೈಲರ್ ಈ ಕತೆಯನ್ನು ಬಟ್ಟೆ ಹೊಲಿಸಲು ಬಂದವರಿಗೆಲ್ಲ ಪುಕ್ಕಟೆಯಾಗಿ ಹೇಳುತ್ತಿದ್ದ. ಹಾಗಾಗಿ ಈಗ ಟಾರ್ಚು ಮಾವನ ಕೈಯಲ್ಲಿ, ಅವಳು ಕೆಳಗೆ.

ಬೆನ್ನಿಗೆ ಗೋಣಿ, ಮೂಗಿನಿಂದ ಗೇಣು ದೂರಕ್ಕೆ ಇಂಜಿನ್. ಮಂಡಿ ಮಡಚಲು ಜಾಗವಿಲ್ಲ, ತಲೆ ಎತ್ತಿದರೆ ಕಬ್ಬಿಣ. ಪಕ್ಕಕ್ಕೆ ಮುಖ ಹೊರಳಿಸಿದರೆ ಕಾಣುವುದು ಮಾವನ ಚಪ್ಪಲಿ, ಅದರಾಚೆ ಗೇಟಿನ ಕೆಳಗಿನ ಸಂದಿಯಲ್ಲಿ ಬೀದಿಯ ಒಂದು ಪಟ್ಟಿ. ಯಾರದೋ ಸೈಕಲ್ ಚಕ್ರ ಆ ಪಟ್ಟಿಯಲ್ಲಿ ಹಾದು ಹೋಯಿತು. ಅವಳು ಬೋಲ್ಟು ಸಡಿಲಿಸಿದಳು. ಬೆಚ್ಚಗಿನ ಕಪ್ಪು ಆಯಿಲ್ ಹಳೆಯ ಟಬ್ಬಿಗೆ ದಾರದ ಹಾಗೆ ಇಳಿಯತೊಡಗಿತು.

"ಫಿಲ್ಟರ್ ತಿರುಗ್ತಾ?"

"ಇಲ್ಲ ಮಾವ. ಕಚ್ಕೊಂಡಿದೆ."

"ಬಟ್ಟೆ ಸುತ್ತಿ ಹಿಡಿ. ಕೋಪ ಮಾಡ್ಕೋಬೇಡ, ಕೋಪಕ್ಕೆ ಅದು ಬಗ್ಗಲ್ಲ."

ಕೋಪಕ್ಕೇ ಬಗ್ಗಿತು. ಡಬ್ಬಿ ಬಿಚ್ಚಿ ಮೊಣಕೈವರೆಗೆ ಆಯಿಲ್ ಸುರಿಯಿತು. ಒರೆಸಿಕೊಂಡು ಡಬ್ಬಿಯ ಬಾಯಿ ನೋಡಿದರೆ ರಬ್ಬರ್ ಉಂಗುರವೇ ಇಲ್ಲ. ಅದು ಮೇಲೆ ಇಂಜಿನ್ನಿಗೆ ಅಂಟಿಕೊಂಡು ಉಳಿದಿತ್ತು. ಉಗುರು ಹಾಕಿ ಎಬ್ಬಿಸಿದಳು. ಬಂತು. ಅದರ ಹಿಂದೆ ಇನ್ನೊಂದಿತ್ತು. ಹಳೆಯದು, ಚಪ್ಪಟೆಯಾಗಿ ಒಣಗಿ ಬಿರಿದದ್ದು.

ಅವಳ ಕೈ ಹಾಗೇ ನಿಂತಿತು. ಹೋದ ವರ್ಷ ಮಾವ ಹಳೆಯ ಉಂಗುರವನ್ನು ತೆಗೆಯದೆ ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದ್ದರು. ಉಂಗುರದ ಮೇಲೆ ಉಂಗುರ ಕೂತರೆ ಬಿಗಿ ಎಲ್ಲಿಂದ ಬರಬೇಕು? ಗೇಟಿನವರೆಗಿನ ಓಡಾಟಕ್ಕೆ ಬರೀ ತೊಟ್ಟಿಕ್ಕಿತ್ತು. ರಸ್ತೆಗಿಳಿದಿದ್ದರೆ ಇದ್ದ ಆಯಿಲ್ ಎಲ್ಲ ಹೊರಗೆ ಚೆಲ್ಲಿ ಇಂಜಿನ್ ಸುಟ್ಟುಹೋಗುತ್ತಿತ್ತು. ಮಾವನ ಭಯ ಸರಿಯಾಗಿಯೇ ಇತ್ತು. ಭಯದ ಮೂಲ ಅವರ ಕೈಯಲ್ಲಿತ್ತು, ಅಷ್ಟೇ.

ಒಂದು ವರ್ಷದ 'ನೋಡೋಣ'ಗಳೆಲ್ಲ ಅವಳ ನಾಲಿಗೆಯ ತುದಿಗೆ ಬಂದವು. ಆದರೆ ಅವಳು ಮಲಗಿದ್ದುದು ಅವರು ಮಲಗಿದ್ದ ಜಾಗದಲ್ಲೇ. ಸೊಂಟ ಹಿಡಿದು, ಹೊರಳಲಾಗದೆ, ಮುಖದ ಮೇಲೆ ಈ ಕಬ್ಬಿಣವನ್ನು ಹೊತ್ತು, ಹಲ್ಲು ಕಚ್ಚಿ ಅವರು ಈ ಡಬ್ಬಿಯನ್ನು ತಿರುಗಿಸಿರಬೇಕು.

"ರಬ್ಬರ್ ಬಂತೇನಮ್ಮ?"

"ಬಂತು ಮಾವ," ಎಂದಳು. ಎರಡನ್ನೂ ಕುರ್ತಾದ ಜೇಬಿಗೆ ಸೇರಿಸಿದಳು. ಹೊಸ ಉಂಗುರಕ್ಕೆ ಹೊಸ ಆಯಿಲ್ ಸವರಿ, ಒರೆಸಿ ಸ್ವಚ್ಛ ಮಾಡಿದ ಜಾಗಕ್ಕೆ ಫಿಲ್ಟರ್ ಕೂರಿಸಿ, ಬರಿಗೈಯಲ್ಲಿ ಬಿಗಿದಳು. ಬೋಲ್ಟನ್ನೂ ಬಿಗಿದು ಹೊರಗೆ ನುಸುಳಿ ಬಂದಳು. ಆಯಿಲ್ ತುಂಬಿದರು, ಇಂಜಿನ್ ಓಡಿಸಿ ಕಾರನ್ನು ಹಲಗೆಗಳಿಂದ ಇಳಿಸಿದರು, ಆಯಿಲ್ ಅಳೆಯುವ ಕಡ್ಡಿ ಎಳೆದು ಮಟ್ಟ ನೋಡಿದರು. ಕೆಳಗೆ ಹೊಸ ರಟ್ಟು ಹಾಸಿದರು.

ಮಧ್ಯಾಹ್ನವೆಲ್ಲ ಏನೋ ನೆಪ ಮಾಡಿಕೊಂಡು ಶೆಡ್ಡಿಗೆ ಹೋಗಿ ಬಗ್ಗಿ ನೋಡಿದಳು. ಸಂಜೆ ಮಾವ ರಟ್ಟನ್ನು ಎಳೆದು ಬೆಳಕಿಗೆ ಹಿಡಿದರು. ಹಿಂದೆ ಮುಂದೆ ತಿರುಗಿಸಿದರು. ತೊಟ್ಟಿರಲಿಲ್ಲ.

"ಇವತ್ತು ಬಿದ್ದಿಲ್ಲ ಅಂತ ನಾಳೆ ಬೀಳಬಾರದು ಅಂತೇನಿಲ್ಲ," ಎಂದರು. "ಇನ್ನೊಂದು ತಿಂಗಳು ನೋಡೋಣ."

"ಮಾತು ಕೊಟ್ಟಿದ್ರಿ!" ಎಂದರು ಅತ್ತೆ ಬಾಗಿಲಲ್ಲಿ ನಿಂತು.

"ಇಲ್ಲ ಅಂದ್ನಾ? ನೋಡೋಣ ಅಂದೆ."

ಅತ್ತೆ ಗೊಣಗುತ್ತ ಒಳಗೆ ಹೋದರು. ಸೊಸೆ ಜೇಬಿನಿಂದ ಎರಡು ಉಂಗುರಗಳನ್ನು ತೆಗೆದು ರಟ್ಟಿನ ಮೇಲಿಟ್ಟಳು. ಮಾವ ಒಂದನ್ನೆತ್ತಿ ಉಗುರಿನಿಂದ ಕೆರೆದರು. ಇನ್ನೊಂದನ್ನು ಎತ್ತಿ ಮೊದಲನೆಯದರ ಪಕ್ಕಕ್ಕೆ ಹಿಡಿದು ನೋಡಿದರು.

"ಎರಡೂ ಅಲ್ಲೇ ಇತ್ತಾ?"

"ಇತ್ತು."

"ನಿನ್ನ ಗಂಡನಿಗೆ ಹೇಳಿದ್ಯಾ? ನಿಮ್ಮತ್ತೆಗೆ?"

"ಯಾರಿಗೂ ಹೇಳಿಲ್ಲ ಮಾವ. ಸೋರೋದು ನಿಂತಿದೆ. ನನಗೆ ನಾಳೆ ಹೋಗ್ಬೇಕು."

ಅವರು ಉಂಗುರಗಳನ್ನು ಅಂಗಿಯ ಜೇಬಿಗೆ ಹಾಕಿಕೊಂಡರು, ಕೀ ಇದ್ದ ಜೇಬಿಗೇ. ಹಾಗೇ ಎದ್ದು ಹೋದರು.

ಬೆಳಿಗ್ಗೆ ಅವಳು ಊಟದ ಡಬ್ಬಿ ಹಿಡಿದು ಹೊರಬಂದಾಗ ಶೆಡ್ಡಿನ ಬಾಗಿಲು ತೆರೆದಿತ್ತು, ಗೇಟೂ ತೆರೆದಿತ್ತು. ಕೀ ಸ್ಟೀರಿಂಗಿನ ಪಕ್ಕದಲ್ಲಿ ನೇತಾಡುತ್ತಿತ್ತು. ಅವಳು ಸರಸರನೆ ಹೋಗಿ ಕಾರಿನ ಬಾಗಿಲು ತೆರೆದಳು. ಆಮೇಲೆ ನೋಡಿದಳು: ಪಕ್ಕದ ಸೀಟಿನಲ್ಲಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಮಾವ ಕೂತಿದ್ದರು. ಮಡಿಲಲ್ಲಿ ನೀರಿನ ಬಾಟಲಿ, ಟಾರ್ಚು, ಮಡಚಿದ ರಟ್ಟು.

"ಕೂತ್ಕೋ. ನಾನೂ ಬರ್ತೀನಿ."

"ಸಂಜೆವರೆಗೆ ಏನ್ಮಾಡ್ತೀರಿ ಮಾವ?"

"ಕಾರ್ಖಾನೆ ಗೇಟಿನ ಹತ್ರ ಗಾಡಿಯಲ್ಲೇ ಇರ್ತೀನಿ. ನನಗೇನು ಕೆಲಸ?"

"ನಾಳೆ?"

"ನಾಳೆಯೂ ಬರ್ತೀನಿ."

ಕಿಟಕಿಯಲ್ಲಿ ಟೈಲರ್ ಸೂಜಿ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿದ್ದ. ಅವಳು ಗೇರ್ ಹಾಕಿದಳು. ಕಾರು ಗೇಟು ದಾಟಿ, ಎಂದಿನಂತೆ ಹಿಂದಕ್ಕೆ ಸರಿಯದೆ, ಬೀದಿಗೆ ಹೊರಳಿತು.

"ಮೆಲ್ಲಗೆ," ಎಂದರು ಮಾವ.

ಮೆಲ್ಲಗೆ ಹೋದಳು. ತಿರುವಿನವರೆಗೂ ಅವರು ಬಾಗಿಲ ಹಿಡಿಯನ್ನು ಬಿಡಲಿಲ್ಲ.