ಹಳದಿ ಹಿಡಿಯ ಮಾಡ್ಯೂಲು

ಜೋಗುಪಾಳ್ಯದ ನಮ್ಮ ಇಂಟರ್ನೆಟ್ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದವರು ಕೆ.ಆರ್. ಪುರಂ ಕಡೆಯ ಒಬ್ಬ ಹಿರಿಯರು. ನಾವೆಲ್ಲ ಅಣ್ಣ ಎನ್ನುತ್ತಿದ್ದೆವು. ಇಂಟರ್ನೆಟ್ ಹರಿಯುವ, ಕೂದಲಿನಂಥ ಗಾಜಿನ ಎಳೆಯನ್ನು ಅವರು ಹೂ ಕಟ್ಟುವವರ ಹಾಗೆ ಬೆರಳ ತುದಿಯಲ್ಲಿ ಹಿಡಿಯುತ್ತಿದ್ದರು. ಅವರಿಗೆ ಇಂಗ್ಲಿಷ್ ಓದಲು ಬಾರದೆಂಬುದು ನನಗೆ ಗೊತ್ತಿತ್ತು; ಯಜಮಾನರಿಗೆ ಗೊತ್ತಿರಲಿಲ್ಲ.

"ಆ ಮನುಷ್ಯ ಓದಿದೋರ್ನೇ ಇಟ್ಕೊಳ್ಳೋದು ಮಗಾ. ಗೊತ್ತಾದ್ರೆ ನನ್ನ ಕೆಲ್ಸ ಹೋಯ್ತು. ಬಾಯ್ ಬಿಡ್ಬೇಡ" ಎಂದು ಒಮ್ಮೆ ಹೇಳಿದ್ದರು.

ಆ ಬೇಸಿಗೆಯಲ್ಲಿ ಇಂದಿರಾನಗರದ ಒಂದು ಅಪಾರ್ಟ್‌ಮೆಂಟಿನ ಲೈನು ಸತ್ತಿತು. ಅಲ್ಲಿನ ನೆಟ್‌ವರ್ಕ್ ಸ್ವಿಚ್ಚಿಗೆ ಸಿಕ್ಕಿಸುವ ಮಾಡ್ಯೂಲು ಸುಟ್ಟಿತ್ತು. ಬೆಳಕನ್ನು ಕಳಿಸುವ, ಬಂದ ಬೆಳಕನ್ನು ಹಿಡಿಯುವ ಬೆರಳುದ್ದದ ಪೆಟ್ಟಿಗೆ ಅದು. ಒಂದೇ ಎಳೆಯಲ್ಲಿ ಎರಡೂ ಕಡೆಯ ಬೆಳಕು ಓಡಾಡಬೇಕಲ್ಲ, ಹಾಗಾಗಿ ಆಫೀಸಿನದು 1310 ತರಂಗಾಂತರದ ಬೆಳಕು ಕಳಿಸಿದರೆ ಆ ತುದಿಯದು 1550ರದ್ದು ಕಳಿಸಬೇಕು. ಎರಡರ ಲೇಬಲ್ಲಿನಲ್ಲೂ ಇವೇ ಎರಡು ಅಂಕಿ. ಕಳಿಸುವುದು ಯಾವುದು, ಪಡೆಯುವುದು ಯಾವುದು ಎಂಬುದು ಪಕ್ಕದ ಇರುವೆಯಂಥ ಇಂಗ್ಲಿಷ್ ಅಕ್ಷರಗಳಲ್ಲಿ. ಅಣ್ಣ ಆ ಗೋಜಿಗೆ ಹೋದವರಲ್ಲ. ಹೊರಗೆಳೆಯುವ ಹಿಡಿಯ ಬಣ್ಣ ನೋಡುವರು: ಆಫೀಸಿಗೆ ನೀಲಿ, ಮನೆಗಳ ಕಡೆಗೆ ಹಳದಿ.

ಹಳೆಯ ಕಂಪನಿಯ ಮಾಲು ನಿಂತುಹೋಗಿತ್ತು. ಶಿವಾಜಿನಗರದ ಅಂಗಡಿಯೊಂದರಿಂದ ಬೇರೆ ಕಂಪನಿಯದು ತಂದರು. ಹಳದಿ ಹಿಡಿಯದೇ. ಸಿಕ್ಕಿಸಿದರು, ದೀಪ ಹತ್ತಲಿಲ್ಲ. ಎಳೆಯ ತುದಿ ಒರೆಸಿ ಮತ್ತೆ ಸಿಕ್ಕಿಸಿದರು. ಇಲ್ಲ. ಅಷ್ಟರಲ್ಲಿ ಯಜಮಾನರೇ ಬಂದು ನಿಂತರು.

"ಏನ್ರೀ, ಬೆಳಗ್ಗೆಯಿಂದ ಪೂಜೆ ನಡೀತಿದೆ. ಮಂಗಳಾರತಿ ಯಾವಾಗ?"

ನಾನು ಮಾಡ್ಯೂಲನ್ನು ಕಿಟಕಿಯ ಬೆಳಕಿಗೆ ಹಿಡಿದು ಓದಿದೆ. ಈ ಕಂಪನಿಯವರು ಬಣ್ಣವನ್ನು ಅದಲುಬದಲು ಮಾಡಿದ್ದರು. ಎರಡು ತುದಿಯೂ 1310ನ್ನೇ ಕಳಿಸುತ್ತಿದ್ದವು. ಇಬ್ಬರೂ ಮಾತಾಡುವವರೇ, ಕೇಳುವವರಿಲ್ಲ.

"ಲೇಬಲ್ ನೋಡ್ದೆ ತಂದ್ರಾ? ಇಷ್ಟೊಂದು ಅಸಡ್ಡೆನಾ?" ಎಂದರು ಯಜಮಾನರು. ಅಣ್ಣ ನೆಲ ನೋಡಿದರು. ನನಗೆ ತಡೆಯಲಾಗಲಿಲ್ಲ.

"ಅಸಡ್ಡೆ ಅಲ್ಲ ಸಾರ್. ಇಷ್ಟ್ ವರ್ಷ ಬಣ್ಣ ನೋಡೇ ತಂದವ್ರೆ. ಒಂದ್ಸಲನೂ ತಪ್ಪಿಲ್ಲ."

ಕಾಪಾಡುವುದಕ್ಕೆಂದೇ ಆಡಿದ ಮಾತು. ಆಡಿದ ಮೇಲೆ ನುಂಗಲಾಗುವುದಿಲ್ಲ.

"ಬಣ್ಣಾನಾ?" ಯಜಮಾನರ ದನಿ ತಗ್ಗಿತು. "ಅಂದ್ರೆ... ಓದೋಕೇ ಬರಲ್ವಾ ನಿಮ್ಗೆ?"

"ಇಲ್ಲ ಸಾರ್" ಎಂದರು ಅಣ್ಣ. ನನ್ನ ಕಡೆ ತಿರುಗಲಿಲ್ಲ.

ನಾನೇ ಅಂಗಡಿಗೆ ಹೋಗಿ ಅದೇ ಕಂಪನಿಯ ನೀಲಿ ಹಿಡಿಯದನ್ನು ತಂದೆ. ದೀಪ ಹಸಿರಾಗಿ ಹತ್ತಿತು. ಅಪಾರ್ಟ್‌ಮೆಂಟಿನವರು ಕಾಫಿ ಕೊಟ್ಟರು, ಅಣ್ಣ ಬೇಡವೆಂದರು.

ಆ ವಾರವೇ ಅವರಿಗೊಂದು ಕಾಗದ ಬಂತು, ಇಂಗ್ಲಿಷಿನಲ್ಲಿ. ನನ್ನ ಮುಂದೆ ಹಿಡಿದರು. "ಓದು ಮಗಾ. ಇನ್ನೇನ್ ಮುಚ್ಚುಮರೆ."

ಮುಂದಿನ ತಿಂಗಳಿಂದ ಮಾರತ್ತಹಳ್ಳಿ ಕಡೆ ಕಂಬ ಹತ್ತಿ ಕೇಬಲ್ ಎಳೆಯುವವರ ಜೊತೆ ಕೆಲಸ. ಮಂಡಿ ನೋವಿನಿಂದ ಮೆಟ್ಟಿಲನ್ನೇ ಕೂತು ಕೂತು ಹತ್ತುವ ಮನುಷ್ಯ. ಒಂದೊಂದೇ ಸಾಲನ್ನು ಕನ್ನಡದಲ್ಲಿ ಹೇಳಿದೆ. ಅವರ ಜಾಗಕ್ಕೆ ಯಾರೆಂದು ಬರೆದಿದ್ದ ಸಾಲಿನಲ್ಲಿ ನನ್ನ ಹೆಸರಿತ್ತು. ಅದನ್ನು ಬಿಟ್ಟು ಮುಂದಕ್ಕೆ ಹೋದೆ.

"ಅಷ್ಟೇನಾ?"

"ಅಷ್ಟೇ ಅಣ್ಣ."

ಕನ್ನಡದಲ್ಲಿ ದುಂಡಗೆ ರುಜು ಹಾಕಿದರು.

ಒಂದನೇ ತಾರೀಖು ಸಾಮಾನಿನ ಬೀರುವಿನ ಬೀಗದ ಕೈ ಒಪ್ಪಿಸಲು ಬಂದರು. ಯಾರಿಗೆ ಕೊಡಬೇಕೆಂದು ಸುತ್ತ ನೋಡಿದರು. ನಾನು ಎದ್ದು ಕೈ ಚಾಚಬೇಕಾಯಿತು.